ಪ್ರೇಮಕಾದಂಬರಿ ಹೆಣೆದವರು, ಓದುಗರನ್ನು ಹುಡುಕಿಕೊಂಡವರು

ಕನ್ನಡದಲ್ಲಿ ಪ್ರೇಮಕಾದಂಬರಿ ಬೆಳೆದದ್ದು ವಾರಪತ್ರಿಕೆಗಳ ಪುಟಗಳಲ್ಲಿ ಮತ್ತು ಬಡಾವಣೆಯ ಸರ್ಕ್ಯುಲೇಟಿಂಗ್ ಲೈಬ್ರರಿಗಳಲ್ಲಿ. 1921ರಲ್ಲಿ ಆರಂಭವಾದ ‘ಕರ್ಮವೀರ’, 1965ರ ‘ಸುಧಾ’, 1983ರ ‘ತರಂಗ’ ಮೊದಲಾದ ವಾರಪತ್ರಿಕೆಗಳೂ ‘ಮಯೂರ’, ‘ತುಷಾರ’ದಂಥ ಮಾಸಪತ್ರಿಕೆಗಳೂ ಕಥೆ, ಕಾದಂಬರಿಗಳಿಗೆ ಧಾರಾಳವಾಗಿ ಜಾಗ ಕೊಟ್ಟವು. ಪತ್ರಿಕೆ ಮನೆಗೆ ಬಂದ ದಿನ ಅದು ಮೊದಲು ಯಾರ ಕೈಗೆ ಎಂಬುದೇ ಒಂದು ಜಗಳ. ಮಧ್ಯಾಹ್ನದ ಕೆಲಸ ಮುಗಿಸಿ ಜಗಲಿಗೆ ಬಂದು ಕೂತ ಹೆಂಗಸರಿಗೆ, ಹೈಸ್ಕೂಲು ಓದುವ ಹುಡುಗಿಯೊಬ್ಬಳು ಆ ವಾರದ ಕಂತನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದಳು. ಕಾದಂಬರಿ ಮುಗಿದ ಮೇಲೆ ಆ ಪುಟಗಳನ್ನೆಲ್ಲ ಬಿಡಿಸಿ, ದಬ್ಬಣದಿಂದ ತೂತು ಮಾಡಿ, ದಾರ ಹಾಕಿ ಹೊಲಿದು, ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆ ಹೊದಿಸಿ ಇಟ್ಟುಕೊಳ್ಳುತ್ತಿದ್ದರು. ಹಾಗೆ ಹೊಲಿದ ಪುಸ್ತಕ ಬೀದಿಯ ಎಲ್ಲ ಮನೆಗಳನ್ನೂ ಸುತ್ತಿ ಬರುತ್ತಿತ್ತು. ಲೇಖಕಿಯ ಹೆಸರು ಗೊತ್ತಿಲ್ಲದವರಿಗೂ ನಾಯಕಿಯ ಹೆಸರು ಗೊತ್ತಿರುತ್ತಿತ್ತು.

ಈ ಓದುಗರಿಗಾಗಿ ಬರೆದವರು ಎರಡು ಕೆಲಸ ಕಲಿಯಬೇಕಾಯಿತು. ಒಂದು, ಕಥೆಯನ್ನು ಹೆಣೆಯುವುದು. ಇನ್ನೊಂದು, ಬರೆದದ್ದನ್ನು ಓದುಗರ ಕೈಗೆ ಮುಟ್ಟಿಸುವುದು. ಇವನ್ನು ಯಾರೂ ಪಾಠ ಹೇಳಿಕೊಡಲಿಲ್ಲ. ಸಂಪಾದಕರ ಕಾಗದ, ಓದುಗರ ಪತ್ರ, ತಿರುಗಿ ಬಂದ ಹಸ್ತಪ್ರತಿ ಇವುಗಳಿಂದಲೇ ಕಲಿಕೆ. ಎರಡೂ ತಮ್ಮದೇ ಹೊಣೆ ಎಂದು ಭಾವಿಸಿದ ಲೇಖಕರನ್ನು ಓದುಗರು ದಶಕಗಳ ಕಾಲ ಕೈಬಿಡಲಿಲ್ಲ. ಎಂ.ಕೆ. ಇಂದಿರಾ ಅವರ ಶಾಲೆಯ ಓದು ಎಳವೆಯಲ್ಲೇ ನಿಂತಿತ್ತು. ಮೊದಲ ಕಾದಂಬರಿ ‘ತುಂಗಭದ್ರಾ’ 1963ರಲ್ಲಿ ಬಂದಾಗ ಅವರು ನಲವತ್ತೈದು ದಾಟಿದ್ದರು. ತ್ರಿವೇಣಿ 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ, ತೀರಿಕೊಂಡರು. ಅಷ್ಟರೊಳಗೆ ಅವರ ಕಾದಂಬರಿಗಳು ಕನ್ನಡದ ಮನೆಗಳನ್ನು ಹೊಕ್ಕಿದ್ದವು. ಇವರಂಥವರ ಬರಹವನ್ನು ‘ಅಡುಗೆಮನೆ ಸಾಹಿತ್ಯ’ ಎಂದು ಪಕ್ಕಕ್ಕೆ ಸರಿಸಿದ ವಿಮರ್ಶೆ ಅನ್ಯಾಯದ್ದು. ಕನ್ನಡ ಓದುವ ಹೆಂಗಸರ ಒಂದು ದೊಡ್ಡ ಸಮುದಾಯವನ್ನೇ ಕಟ್ಟಿದ ಬರಹ ಅದು. ಅದರ ಕಸುಬನ್ನು ಬಿಡಿಸಿ ನೋಡಿದರೆ ಇಂದು ಬರೆಯುವವರಿಗೂ ಕಲಿಯಲು ಬೇಕಾದಷ್ಟಿದೆ.

ಪ್ರೇಮಕಥೆ ಹೆಣೆಯುವವರು ಮೊದಲು ತೀರ್ಮಾನಿಸಬೇಕಾದದ್ದು ಅಡ್ಡಿ ಯಾವುದು ಎಂದು. ಇಬ್ಬರು ಒಬ್ಬರನ್ನೊಬ್ಬರು ಮೆಚ್ಚಿದರು ಎಂಬಲ್ಲಿಗೆ ಕಥೆ ಹುಟ್ಟುವುದಿಲ್ಲ. ಮೆಚ್ಚಿದವರು ಯಾಕೆ ಕೂಡಲಾರರು ಎಂಬಲ್ಲಿ ಹುಟ್ಟುತ್ತದೆ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ಹೆಸರಾದ, ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯಲ್ಲಿ (1899) ನಾಯಕಿ ಎಳೆಯ ವಿಧವೆ. ಅಲ್ಲಿ ಅಡ್ಡಿ ಊರಿನ ಆಚಾರ. ಅದನ್ನು ದಾಟಲು ಅವಳಿಗೆ ಸಿಕ್ಕಿದ ಬಲ ವಿದ್ಯೆ. ಅಲ್ಲಿಂದ ಮುಂದೆ ಕನ್ನಡದ ಒಳ್ಳೆಯ ಪ್ರೇಮಕಥೆಗಳಲ್ಲಿ ಅಡ್ಡಿ ಬಹುಪಾಲು ಮನೆಯೊಳಗಿಂದ ಬಂದಿದೆ: ಆಸ್ತಿ, ಜಾತಿ, ಸಾಲ, ತಂಗಿಯ ಮದುವೆ, ಹಿರಿಯರಿಗೆ ಕೊಟ್ಟ ಮಾತು, ಕಾಯಿಲೆ. ಖಳನಾಯಕನೊಬ್ಬನನ್ನು ಹೊರಗಿನಿಂದ ತಂದು ನಿಲ್ಲಿಸುವುದು ಸುಲಭ. ಆದರೆ ಅವನನ್ನು ಪೊಲೀಸರು ಹಿಡಿದುಕೊಂಡು ಹೋದ ಕೂಡಲೇ ಕಥೆಯೂ ಮುಗಿದುಹೋಗುತ್ತದೆ. ಮನೆಯೊಳಗಿನ ಅಡ್ಡಿಗೆ ಅಂಥ ಸುಲಭದ ಪರಿಹಾರವಿಲ್ಲ, ಯಾಕೆಂದರೆ ಅಡ್ಡ ನಿಂತವರೂ ಪ್ರೀತಿಸುವವರೇ.

ಇದಕ್ಕೆ ತ್ರಿವೇಣಿಯವರ ‘ಬೆಳ್ಳಿಮೋಡ’ಕ್ಕಿಂತ ಒಳ್ಳೆಯ ಪಾಠವಿಲ್ಲ. ಎಸ್ಟೇಟಿನ ಒಡೆಯರ ಒಬ್ಬಳೇ ಮಗಳು ಇಂದಿರಾ. ಅವಳನ್ನು ಮದುವೆಯಾಗುವ ಮಾತಿನ ಮೇಲೆ ಮೋಹನ ಅವಳ ತಂದೆಯ ಹಣದಲ್ಲಿ ಓದಲು ವಿದೇಶಕ್ಕೆ ಹೋಗುತ್ತಾನೆ. ಅವನು ಇಲ್ಲದಾಗ, ವರ್ಷಗಳ ನಂತರ ಬಸುರಾದ ಇಂದಿರಾಳ ತಾಯಿ ಗಂಡುಮಗು ಹೆತ್ತು ತೀರಿಕೊಳ್ಳುತ್ತಾಳೆ. ಆಸ್ತಿಗೆ ವಾರಸುದಾರ ಬಂದ. ತಿರುಗಿ ಬಂದ ಮೋಹನನಿಗೆ ಇಂದಿರಾ ಬೇಡವಾಗುತ್ತಾಳೆ. ಮುಂದೆ ಅವನು ಬಿದ್ದು ಕಾಲು ಮುರಿದುಕೊಂಡಾಗ ಅವಳೇ ಆರೈಕೆ ಮಾಡುತ್ತಾಳೆ; ಅವನ ಮನಸ್ಸು ತಿರುಗುತ್ತದೆ; ಆಗ ಅವಳು ಒಲ್ಲೆ ಎನ್ನುತ್ತಾಳೆ. 1967ರಲ್ಲಿ ಪುಟ್ಟಣ್ಣ ಕಣಗಾಲ್ ಇದನ್ನು ಚಲನಚಿತ್ರ ಮಾಡಿದರು, ಕಲ್ಪನಾ ಇಂದಿರಾ ಆದರು.

ಈ ಹೆಣಿಗೆಯಲ್ಲಿ ಗಮನಿಸಬೇಕಾದದ್ದು ಹಲವು. ಇಲ್ಲಿ ಅಡ್ಡಿಯನ್ನು ತಂದದ್ದು ಮನೆಗೆ ಶುಭವಾಗಬೇಕಾಗಿದ್ದ ಘಟನೆ, ತಮ್ಮನ ಹುಟ್ಟು. ಯಾರೂ ಸಂಚು ಮಾಡಲಿಲ್ಲ, ಯಾರ ಮೇಲೂ ತಪ್ಪು ಹೊರಿಸುವಂತಿಲ್ಲ. ಮೋಹನನ ಪ್ರೀತಿಗೆ ಹಣದ ಬೆಸುಗೆ ಇತ್ತೆಂಬುದು ಮೊದಲೇ ಓದುಗರ ಕಣ್ಣೆದುರು ಇತ್ತು. ಅವನ ಓದಿನ ಖರ್ಚನ್ನು ಯಾರು ಕೊಡುತ್ತಿದ್ದಾರೆ ಎಂದು ಎಲ್ಲರಿಗೂ ಗೊತ್ತು. ಆದ್ದರಿಂದ ಅವನು ಕೈಬಿಟ್ಟಾಗ ಆಘಾತವಾಗುತ್ತದೆ, ಆದರೆ ಅಸಂಭವ ಅನ್ನಿಸುವುದಿಲ್ಲ. ಅಡ್ಡಿಯ ಬೀಜ ಮೊದಲ ಪುಟಗಳಲ್ಲೇ ಬಿದ್ದಿರಬೇಕು ಎಂಬ ಮಾತಿನ ಅರ್ಥ ಇದು. ಕಥೆಯ ಕೊನೆಯ ಭಾಗ ಇನ್ನೂ ಮುಖ್ಯವಾದದ್ದು. ಮೊದಲರ್ಧದಲ್ಲಿ ತೀರ್ಮಾನ ಅವನ ಕೈಯಲ್ಲಿತ್ತು. ಕಾಲು ಮುರಿದ ಮೇಲೆ ಬೇಡುವವನು ಅವನು, ತೀರ್ಮಾನಿಸುವವಳು ಅವಳು. ಅವಳು ಒಪ್ಪಿಬಿಡಲಿ ಎಂದು ಓದುಗರ ಅರ್ಧ ಮನಸ್ಸು ಬಯಸುತ್ತಿರುವಾಗಲೇ ಅವಳು ನಿರಾಕರಿಸುತ್ತಾಳೆ. ಆ ನಿರಾಕರಣೆಗೆ ಬೇಕಾದ ಕಾರಣಗಳನ್ನೆಲ್ಲ ಕಾದಂಬರಿ ಅಷ್ಟರಲ್ಲಿ ಕೂಡಿಸಿಟ್ಟಿರುತ್ತದೆ. ಪ್ರೇಮಕಾದಂಬರಿ ಬರೆಯಲು ಹೊರಟವರು ಬೇರೇನನ್ನೂ ಓದದಿದ್ದರೂ ಇದೊಂದನ್ನು ಪೆನ್ಸಿಲ್ ಹಿಡಿದು, ಪ್ರಕರಣ ಪ್ರಕರಣವಾಗಿ ಗುರುತು ಹಾಕಿಕೊಂಡು ಓದಬೇಕು.

ಪ್ರೇಮಕಥೆ ಮದುವೆಯೊಂದಿಗೆ ಮುಗಿಯಬೇಕೆಂಬ ನಿಯಮವನ್ನೂ ಕನ್ನಡದ ಲೇಖಕಿಯರು ಪಾಲಿಸಲಿಲ್ಲ. ವಾಣಿಯವರ ‘ಎರಡು ಕನಸು’ ಕಾದಂಬರಿಯಲ್ಲಿ ಮನೆಗಳ ಜಗಳದಿಂದ ಪ್ರೀತಿಸಿದವಳು ಕೈತಪ್ಪುತ್ತಾಳೆ. ನಾಯಕ ಬೇರೆಯವಳನ್ನು ಮದುವೆಯಾಗಿಯೂ ಹಳೆಯ ನೆನಪಿನಲ್ಲೇ ಇರುತ್ತಾನೆ. ಕಟ್ಟಿಕೊಂಡ ಹೆಂಡತಿಯನ್ನು ಅವನು ಪ್ರೀತಿಸಲು ಕಲಿಯುವುದೇ ಕಥೆ. ತಾಳಿ ಕಟ್ಟಿದ ನಂತರ ಒಲವು ಹುಟ್ಟುವುದು ಕನ್ನಡ ಕುಟುಂಬಗಳಿಗೆ ಪರಿಚಿತವಾದ ಅನುಭವ. ಹಿರಿಯರು ನೋಡಿ ಮಾಡಿದ ಮದುವೆಗಳ ಸಮಾಜದಲ್ಲಿ ಅದು ಪ್ರೇಮಕಥೆಯ ಒಂದು ಸಹಜ ರೂಪವೇ ಹೌದು. ಉಷಾ ನವರತ್ನರಾಂ ಅವರ ‘ಬಂಧನ’ದಲ್ಲಿ ಪ್ರೀತಿ ಒಂದೇ ಕಡೆಯದು. ವೈದ್ಯ ಹರೀಶ ಪ್ರೀತಿಸಿದ ನಂದಿನಿ ಅವನನ್ನು ಸ್ನೇಹಿತ ಎಂದಷ್ಟೇ ತಿಳಿದಿದ್ದಾಳೆ. ಅವನು ಪ್ರೀತಿಯನ್ನು ಒಳಗಿಟ್ಟುಕೊಂಡೇ ಸ್ನೇಹವನ್ನು ನಡೆಸುವುದರಲ್ಲಿ ಕಥೆಯ ಬಲವಿದೆ. ತ್ರಿವೇಣಿಯವರ ‘ಶರಪಂಜರ’ ಇನ್ನೂ ಮುಂದೆ ಹೋಗುತ್ತದೆ. ಪ್ರೀತಿಯ ದಾಂಪತ್ಯದಲ್ಲಿ ಹೆಂಡತಿ ಕಾವೇರಿಗೆ ಬಾಣಂತನದಲ್ಲಿ ಮನಸ್ಸಿನ ಕಾಯಿಲೆ ಬರುತ್ತದೆ. ಅವಳು ಗುಣವಾಗಿ ಮನೆಗೆ ಬಂದರೂ ಗಂಡನಾಗಲೀ ನೆರೆಹೊರೆಯವರಾಗಲೀ ಅವಳನ್ನು ಮೊದಲಿನಂತೆ ಕಾಣುವುದಿಲ್ಲ. ತ್ರಿವೇಣಿ ಮನಶ್ಶಾಸ್ತ್ರ ಓದಿದವರು. ಆ ಓದು ಅವರ ಹೆಣಿಗೆಯಲ್ಲಿ ಕೆಲಸ ಮಾಡಿದೆ. ಕಾಯಿಲೆಯನ್ನು ಅವರು ಕಣ್ಣೀರಿಗಾಗಿ ತಂದಿಲ್ಲ, ಪ್ರೀತಿಯನ್ನು ಪರೀಕ್ಷೆಗೆ ಒಡ್ಡಲು ತಂದರು.

ಅಡ್ಡಿ ಗೊತ್ತಾದ ಮೇಲೆ ನಾಯಕಿಗೆ ಒಂದು ದುಡಿಮೆ, ಒಂದು ಊರು, ಒಂದು ಮನೆ ಬೇಕು. ಆಸ್ಪತ್ರೆಯ ಹಿನ್ನೆಲೆಯ ಕಥೆಗಳು ಒಂದು ಕಾಲದಲ್ಲಿ ಬಹಳ ನಡೆದದ್ದಕ್ಕೆ ಕಾರಣವಿದೆ. ರಾತ್ರಿ ಪಾಳಿ, ತುರ್ತು ಚಿಕಿತ್ಸೆ, ಸಾವು ಬದುಕಿನ ನಡುವೆ ಬೇಗ ಹುಟ್ಟುವ ಆಪ್ತತೆ, ಗಂಡು ಹೆಣ್ಣು ಒಟ್ಟಿಗೆ ಕೆಲಸ ಮಾಡುವ ಅವಕಾಶ, ಇವೆಲ್ಲ ಅಲ್ಲಿ ತಾವಾಗಿಯೇ ಒದಗುತ್ತಿದ್ದವು. ಇಂದಿನ ಲೇಖಕರಿಗೆ ಗಾರ್ಮೆಂಟ್ ಕಾರ್ಖಾನೆ, ಬ್ಯಾಂಕಿನ ಗ್ರಾಮೀಣ ಶಾಖೆ, ಕೆಎಸ್‌ಆರ್‌ಟಿಸಿ ಡಿಪೊ, ಸಾಫ್ಟ್‌ವೇರ್ ಕಂಪನಿಯ ರಾತ್ರಿ ಪಾಳಿ, ಹೂವಿನ ಮಾರುಕಟ್ಟೆ ಇವೆಲ್ಲ ತೆರೆದಿವೆ. ಆದರೆ ಬರೆಯುವ ಮುನ್ನ ಆ ಕೆಲಸವನ್ನು ಹತ್ತಿರದಿಂದ ತಿಳಿದಿರಬೇಕು. ಬಸ್ ಕಂಡಕ್ಟರಳಾದ ನಾಯಕಿ ಪಾಳಿ ಮುಗಿದ ಮೇಲೆ ಟಿಕೆಟ್ ಹಣದ ಲೆಕ್ಕ ಒಪ್ಪಿಸಬೇಕು. ಹಣ ಕಡಿಮೆ ಬಿದ್ದರೆ ಕೈಯಿಂದ ಕಟ್ಟಬೇಕು. ಅದೇ ದಿನ ಸಂಜೆ ನಾಯಕ ಅವಳಿಗಾಗಿ ಹೋಟೆಲಿನಲ್ಲಿ ಕಾಯುತ್ತಿದ್ದರೆ ಕಥೆಗೆ ಬೇಕಾದ ತಡ ಅಲ್ಲೇ ಸಿಕ್ಕಿತು. ದುಡಿಮೆಯ ವಿವರ ಗೊತ್ತಿರುವ ಲೇಖಕಿ ಕಾಕತಾಳೀಯಗಳಿಗಾಗಿ ಪರದಾಡಬೇಕಾಗಿಲ್ಲ.

ಊರಿನ ವಿಷಯದಲ್ಲೂ ಹಾಗೆಯೇ. ಎಂ.ಕೆ. ಇಂದಿರಾ ಅವರ ಕಾದಂಬರಿಗಳಲ್ಲಿ ಮಲೆನಾಡು ಬರುವುದು ಮಾತಿನ ಧಾಟಿಯಲ್ಲಿ, ಊಟದಲ್ಲಿ, ಮಳೆಗಾಲಕ್ಕೆ ಮನೆ ಸಜ್ಜಾಗುವ ಬಗೆಯಲ್ಲಿ. ಚಿಕ್ಕಮಗಳೂರಿನ ಕಾಫಿ ತೋಟ ಎಂದು ಬರೆದು, ಹೂ ಬಿಡುವುದು ಯಾವಾಗ, ಕೊಯ್ಲು ಯಾವಾಗ ಎಂದು ತಿಳಿಯದೆ ಕಥೆ ನಡೆಸಿದರೆ ಆ ಕಡೆಯ ಓದುಗರು ಎರಡನೆಯ ಪುಟದಲ್ಲೇ ಹಿಡಿಯುತ್ತಾರೆ. ಬಯಲುಸೀಮೆಯ, ಕರಾವಳಿಯ, ಕಲಬುರಗಿ ಕಡೆಯ ಪ್ರೇಮಿಗಳು ಒಂದೇ ಪುಸ್ತಕದ ಭಾಷೆಯಲ್ಲಿ ಮಾತಾಡಿಕೊಳ್ಳುವ ಕಾದಂಬರಿಗಳು ಈಗಲೂ ಬರುತ್ತಿವೆ. ಇದು ದೊಡ್ಡ ನಷ್ಟ. ಪ್ರೀತಿಯ ಮಾತು ಮನೆಮಾತಿನಲ್ಲೇ ಬರಬೇಕು. ‘ನೀವು’ ಎನ್ನುತ್ತಿದ್ದವಳು ‘ನೀನು’ ಎಂದ ಗಳಿಗೆಯೇ ಒಂದು ಪ್ರಕರಣವನ್ನು ಹೊರಬಲ್ಲದು. ಅದನ್ನು ಲೇಖಕರು ಎಚ್ಚರದಿಂದ ಉಳಿಸಿಟ್ಟುಕೊಂಡು ಸರಿಯಾದ ಜಾಗದಲ್ಲಿ ಖರ್ಚು ಮಾಡಬೇಕು.

ಧಾರಾವಾಹಿಯ ಕಂತು ಕಲಿಸಿದ ಶಿಸ್ತು ಬೇರೆಯದೇ. ಪತ್ರಿಕೆಯಲ್ಲಿ ಒಂದು ಕಂತಿಗೆ ಸಿಗುತ್ತಿದ್ದದ್ದು ಕೆಲವೇ ಪುಟ. ಅದರಲ್ಲೂ ಚಿತ್ರಕಾರರ ಚಿತ್ರಕ್ಕೆ, ಹಿಂದಿನ ಕಂತಿನ ಸಾರಾಂಶಕ್ಕೆ ಜಾಗ ಹೋಗುತ್ತಿತ್ತು. ಉಳಿದಷ್ಟರಲ್ಲಿ ಏನಾದರೂ ಒಂದು ಬದಲಾಗಲೇಬೇಕು. ಕಂತಿನ ಮೊದಲ ಸಾಲಿನಲ್ಲಿದ್ದ ಸ್ಥಿತಿಯೇ ಕೊನೆಯ ಸಾಲಿನಲ್ಲೂ ಇದ್ದರೆ ಆ ಕಂತು ವ್ಯರ್ಥ. ಕಂತಿನ ಕೊನೆಗೆ ಬಾಗಿಲು ಬಡಿದ ಸದ್ದು, ಟೆಲಿಗ್ರಾಂ, ಮೂರ್ಛೆ ಇವು ಬಹಳ ಬಳಕೆಯಾದವು. ಕೆಲವು ಬಾರಿ ಮುಂದಿನ ವಾರ ಬಾಗಿಲು ಬಡಿದವನು ಹಾಲಿನವನೇ ಆಗಿರುತ್ತಿದ್ದ. ಓದುಗರನ್ನು ಹೀಗೆ ಏಮಾರಿಸಿದ ಲೇಖಕರ ಮೇಲೆ ನಂಬಿಕೆ ಬೇಗ ಕುಸಿಯಿತು. ಒಳ್ಳೆಯ ಕಂತು ಪ್ರಶ್ನೆಯಲ್ಲಿ ನಿಲ್ಲುವುದಕ್ಕಿಂತ ತೀರ್ಮಾನದಲ್ಲಿ ನಿಲ್ಲುತ್ತದೆ. ನಾಯಕಿ ಒಂದು ಕಾಗದಕ್ಕೆ ಸಹಿ ಹಾಕುತ್ತಾಳೆ, ಒಂದು ಸುಳ್ಳು ಹೇಳುತ್ತಾಳೆ, ಒಬ್ಬರ ಮನೆಯ ಮೆಟ್ಟಿಲು ಹತ್ತುತ್ತಾಳೆ. ಅದರ ಪರಿಣಾಮವೇನೆಂಬ ಕುತೂಹಲ ಏಳು ದಿನ ಓದುಗರನ್ನು ಹಿಡಿದಿಡುತ್ತದೆ.

ಇದಕ್ಕೆ ಬೇಕಾದ ತಯಾರಿ ಸರಳವಾದದ್ದು, ಆದರೆ ತಾಳ್ಮೆ ಬೇಡುವಂಥದ್ದು. ಬರೆಯಲು ಕೂರುವ ಮೊದಲು ಕೊನೆ ಗೊತ್ತಿರಬೇಕು. ಇಬ್ಬರು ಎಲ್ಲಿ ಮೊದಲು ಭೇಟಿಯಾಗುತ್ತಾರೆ, ಒಬ್ಬರಿಗೆ ಇನ್ನೊಬ್ಬರ ಮೇಲೆ ಮನಸ್ಸಾದದ್ದು ಯಾವ ಕೆಲಸ ಕಂಡು, ಅಡ್ಡಿ ಯಾವಾಗ ತಲೆಯೆತ್ತುತ್ತದೆ, ಯಾವಾಗ ಇನ್ನು ಸಾಧ್ಯವೇ ಇಲ್ಲ ಅನ್ನಿಸುತ್ತದೆ, ಯಾರು ಏನನ್ನು ಬಿಟ್ಟುಕೊಟ್ಟ ಮೇಲೆ ದಾರಿ ತೆರೆಯುತ್ತದೆ ಎಂದು ಒಂದು ಹಾಳೆಯಲ್ಲಿ ಬರೆದುಕೊಂಡರೆ ಸಾಕು. ಜೊತೆಗೆ ಪಾತ್ರಗಳ ವಯಸ್ಸು, ನಕ್ಷತ್ರ, ಗೋತ್ರ, ಸಂಬಂಧ, ಸಂಬಳ, ಸಾಲ ಬರೆದಿಟ್ಟ ಒಂದು ನೋಟ್‌ಬುಕ್ ಬೇಕು. ಮೂರನೆಯ ಕಂತಿನಲ್ಲಿ ಅತ್ತೆಯಾಗಿದ್ದವಳು ಹದಿನೇಳನೆಯ ಕಂತಿನಲ್ಲಿ ಚಿಕ್ಕಮ್ಮನಾದರೆ ಓದುಗರ ಕಾಗದಗಳು ಕಟ್ಟುಕಟ್ಟಾಗಿ ಬರುತ್ತಿದ್ದವು. ಜಾತಕ ಕೂಡಲಿಲ್ಲ, ಸಗೋತ್ರವಾಯಿತು ಎಂಬ ಅಡ್ಡಿಗಳನ್ನು ಬಳಸುವವರು ಆ ಕಟ್ಟಳೆ ಆ ಸಮುದಾಯದಲ್ಲಿ ನಿಜಕ್ಕೂ ಇದೆಯೇ ಎಂದು ತಿಳಿದುಕೊಳ್ಳಬೇಕು. ಅಕ್ಕನ ಮಗಳನ್ನು ತರುವ, ಸೋದರಮಾವನಿಗೆ ಕೊಡುವ ರೂಢಿ ಇರುವ ಮನೆಗಳಲ್ಲಿ ಹುಟ್ಟುವ ಇಕ್ಕಟ್ಟು ಬೇರೆ, ಅದು ನಿಷಿದ್ಧವಾದ ಮನೆಗಳಲ್ಲಿ ಹುಟ್ಟುವುದು ಬೇರೆ.

ತಪ್ಪು ತಿಳಿವಳಿಕೆಯ ಮೇಲೆ ನಿಂತ ಕಥೆಗಳಿಗೆ ಈಗ ಕಾಲವಿಲ್ಲ. ತಲುಪದ ಕಾಗದ, ಬಾಗಿಲ ಹಿಂದೆ ಅರ್ಧ ಕೇಳಿದ ಮಾತು, ಅಂಚೆಯಣ್ಣನ ಕೈಯಿಂದ ಕಸಿದ ಲಕೋಟೆ ಇವೆಲ್ಲ ಒಂದು ಪೀಳಿಗೆಯನ್ನು ನಡೆಸಿದವು. ಮೊಬೈಲ್ ಫೋನು ಬಂದ ಮೇಲೆ ಎರಡು ನಿಮಿಷದ ಕರೆಯಲ್ಲಿ ಬಗೆಹರಿಯುವ ಅನುಮಾನವನ್ನು ಇನ್ನೂರು ಪುಟ ಎಳೆದರೆ ಓದುಗರು ಪುಸ್ತಕ ಮುಚ್ಚುತ್ತಾರೆ. ಹೇಳಲು ಅವಕಾಶ ಇದ್ದೂ ಹೇಳಲಾರದ ವಿಷಯ ಯಾವುದು ಎಂದು ಲೇಖಕರು ಹುಡುಕಬೇಕು. ಅಪ್ಪನ ಸಾಲಕ್ಕೆ ತನ್ನ ಸಂಬಳ ಹೋಗುತ್ತಿದೆ ಎಂದು ಹುಡುಗಿ ಹೇಳಲಾರಳು. ಕೆಲಸ ಹೋಗಿದೆ ಎಂದು ಹುಡುಗ ಹೇಳಲಾರ. ಆ ಮೌನ ಫೋನಿನಿಂದ ಒಡೆಯುವಂಥದ್ದಲ್ಲ.

ಕೊನೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಸುಖಾಂತವಾಗಲಿ, ದುಃಖಾಂತವಾಗಲಿ, ಅದು ನಾಯಕಿಯ ನಡೆಯಿಂದ ಬರಬೇಕು. ಹಠಾತ್ತಾಗಿ ಸಿಕ್ಕಿದ ಆಸ್ತಿ, ಕೊನೆಯ ಪ್ರಕರಣದ ಅಪಘಾತ, ಇದ್ದಕ್ಕಿದ್ದಂತೆ ಒಳ್ಳೆಯವಳಾದ ಅತ್ತೆ ಇವು ಕಥೆಯನ್ನು ಮುಗಿಸುತ್ತವೆ, ಓದುಗರ ಮನಸ್ಸಿನಲ್ಲಿ ಉಳಿಸುವುದಿಲ್ಲ.

ಇನ್ನು ತಲುಪಿಸುವ ಕೆಲಸ. ಕನ್ನಡದಲ್ಲಿ ಇದರ ದೊಡ್ಡ ಮಾದರಿ ಗಳಗನಾಥರು. ಹಾವೇರಿ ಸೀಮೆಯ ಶಾಲಾ ಮಾಸ್ತರರಾಗಿದ್ದ ವೆಂಕಟೇಶ ತಿರಕೋ ಕುಲಕರ್ಣಿ (1869–1942) ಗಳಗನಾಥ ಎಂಬ ಹೆಸರಿನಲ್ಲಿ ಕಾದಂಬರಿ ಬರೆದರು, ಅಚ್ಚು ಹಾಕಿಸಿದರು, ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು. 1907ರಲ್ಲಿ ಆರಂಭವಾದ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯ ಮೂಲಕ ಓದುವ ಮನೆಗಳನ್ನು ಹೆಚ್ಚಿಸಿದರು. ಮರಾಠಿ ಓದಿಗೆ ಒಗ್ಗಿಹೋಗಿದ್ದ ಪ್ರದೇಶದಲ್ಲಿ ಕನ್ನಡ ಕಾದಂಬರಿಗೆ ಓದುಗರನ್ನು ಹುಟ್ಟಿಸಿದ್ದು ಇಂಥ ನಡಿಗೆ. ಮುಂದೆ ಅ.ನ. ಕೃಷ್ಣರಾಯರು ನೂರಕ್ಕೂ ಹೆಚ್ಚು ಕಾದಂಬರಿ ಬರೆದು, ಊರೂರಿನ ವೇದಿಕೆಗಳಲ್ಲಿ ಮಾತಾಡಿ, ಕನ್ನಡ ಪುಸ್ತಕವನ್ನು ಕೊಂಡು ಓದುವ ಅಭ್ಯಾಸ ಬೆಳೆಸಿದರು. ಇವರಿಬ್ಬರೂ ತಮ್ಮೊಬ್ಬರ ಪುಸ್ತಕಕ್ಕಾಗಿ ಮಾತ್ರ ಓಡಾಡಲಿಲ್ಲ. ಕನ್ನಡದ ಓದನ್ನೇ ಹಬ್ಬಿಸಿದರು, ಅದರಲ್ಲಿ ಅವರ ಪುಸ್ತಕಗಳಿಗೂ ಪಾಲು ಸಿಕ್ಕಿತು. ಲೇಖಕರು ಪ್ರಚಾರಕ್ಕೆ ಹೊರಟಾಗ ನೆನಪಿಡಬೇಕಾದ ದಾರಿ ಇದು.

ಪತ್ರಿಕೆಗೆ ಲೇಖನ ಬರೆಯುವವರಿಗೂ ಇದೇ ದಾರಿ. ಲೇಖನದ ಪ್ರಚಾರ ಅದು ಅಚ್ಚಾಗುವ ಮೊದಲೇ ಆರಂಭವಾಗುತ್ತದೆ. ಅಂಚೆಯ ಕಾಲದಲ್ಲಿ ಫುಲ್‌ಸ್ಕೇಪ್ ಹಾಳೆಯ ಒಂದೇ ಮಗ್ಗುಲಲ್ಲಿ, ಅಂಚು ಬಿಟ್ಟು, ಬಿಡಿಯಾದ ಅಕ್ಷರಗಳಲ್ಲಿ ಬರೆದು, ಕಾರ್ಬನ್ ಪ್ರತಿಯೊಂದನ್ನು ತಮ್ಮಲ್ಲಿಟ್ಟುಕೊಂಡು, ಅಂಚೆಚೀಟಿ ಹಚ್ಚಿದ ಸ್ವವಿಳಾಸದ ಲಕೋಟೆ ಸೇರಿಸಿ ಕಳುಹಿಸಬೇಕಿತ್ತು. ಈಗ ಯೂನಿಕೋಡ್‌ನಲ್ಲಿ ಅಥವಾ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿ ಇಮೇಲ್ ಮಾಡುತ್ತಾರೆ. ವಿಧಾನ ಬದಲಾದರೂ ಸಂಪಾದಕರ ಅಪೇಕ್ಷೆ ಬದಲಾಗಿಲ್ಲ. ಪತ್ರಿಕೆಯ ಐದಾರು ಸಂಚಿಕೆ ಓದಿ, ಯಾವ ಪುಟಕ್ಕೆ ಎಷ್ಟು ಪದ ಬೇಕೆಂದು ತಿಳಿದು ಬರೆದ ಲೇಖನ ಮೊದಲು ಓದಿಸಿಕೊಳ್ಳುತ್ತದೆ. ಯುಗಾದಿಯ ಬಗ್ಗೆ ಯುಗಾದಿಯ ವಾರ ಕಳುಹಿಸಿದ ಲೇಖನ ಎಷ್ಟೇ ಚೆನ್ನಾಗಿದ್ದರೂ ಪ್ರಯೋಜನವಿಲ್ಲ. ವಿಶೇಷಾಂಕಗಳ ಪುಟಗಳು ತಿಂಗಳುಗಳ ಮೊದಲೇ ತುಂಬಿಹೋಗಿರುತ್ತವೆ. ಒಂದೇ ಲೇಖನವನ್ನು ಎರಡು ಪತ್ರಿಕೆಗೆ ಏಕಕಾಲಕ್ಕೆ ಕಳುಹಿಸಬಾರದು. ಎರಡರಲ್ಲೂ ಅಚ್ಚಾಗಿಬಿಟ್ಟರೆ ಎರಡು ಬಾಗಿಲೂ ಒಟ್ಟಿಗೆ ಮುಚ್ಚುತ್ತವೆ.

ಬಹಳ ಲೇಖಕರ ಹೆಸರು ಮೊದಲು ಅಚ್ಚಾದದ್ದು ‘ವಾಚಕರ ವಾಣಿ’ಯಂಥ ಪತ್ರಗಳ ಅಂಕಣದಲ್ಲಿ. ಇದು ಸಣ್ಣ ಸಂಗತಿಯಲ್ಲ. ನೂರು ಪದಗಳಲ್ಲಿ ಒಂದೇ ವಿಷಯ ಹೇಳಿ ನಿಲ್ಲಿಸುವ ಅಭ್ಯಾಸ ಅಲ್ಲಿ ಸಿಗುತ್ತದೆ, ಸಂಪಾದಕೀಯ ವಿಭಾಗಕ್ಕೆ ಹೆಸರು ಪರಿಚಯವಾಗುತ್ತದೆ. ಅಲ್ಲಿಂದ ನುಡಿಚಿತ್ರ, ಅಲ್ಲಿಂದ ಲೇಖನ, ಮುಂದೆ ಅಂಕಣ ಎಂಬ ಮೆಟ್ಟಿಲುಗಳನ್ನು ಹತ್ತಿದವರಿಗೆ ಒಂದು ಅನುಕೂಲವಿತ್ತು: ಪ್ರತಿ ಮೆಟ್ಟಿಲಿನಲ್ಲೂ ಓದುಗರು ಜೊತೆಗಿದ್ದರು. ಒಂದೇ ವಿಷಯವನ್ನು ಬಿಡದೆ ಹಿಡಿದವರಿಗೆ ಆ ಅನುಕೂಲ ಇನ್ನೂ ಹೆಚ್ಚು. ಕೆರೆಗಳ ಬಗ್ಗೆ ಐದು ವರ್ಷ ಬರೆದವರನ್ನು ಕೆರೆಯ ವಿಷಯ ಬಂದಾಗ ಪತ್ರಿಕೆಗಳೇ ಹುಡುಕಿಕೊಂಡು ಬರುತ್ತವೆ. ಪ್ರತಿ ತಿಂಗಳೂ ಹೊಸ ವಿಷಯಕ್ಕೆ ಹಾರುವವರು ಪ್ರತಿ ಬಾರಿಯೂ ಹೊಸದಾಗಿ ಪರಿಚಯ ಹೇಳಿಕೊಳ್ಳಬೇಕು.

ಅಚ್ಚಾದ ಮೇಲೆ ಮಾಡಬೇಕಾದ ಮೊದಲ ಕೆಲಸವನ್ನು ಹೆಚ್ಚಿನವರು ಮರೆಯುತ್ತಾರೆ. ಲೇಖನಕ್ಕಾಗಿ ಮಾತಾಡಿಸಿದ ರೈತ, ನೇಕಾರ, ದಾದಿ, ಮಾಸ್ತರರಿಗೆ ಆ ಸಂಚಿಕೆಯನ್ನು ಕಳುಹಿಸಿಕೊಡಬೇಕು. ಇದು ಸೌಜನ್ಯ. ಅದಕ್ಕಿಂತ ಪರಿಣಾಮಕಾರಿಯಾದ ಪ್ರಚಾರವೂ ಬೇರೆ ಇಲ್ಲ. ತನ್ನ ಮಾತು ಸರಿಯಾಗಿ ಬಂದಿದೆ ಎಂದು ಕಂಡವನು ಅದನ್ನು ಊರಿಗೆಲ್ಲ ತೋರಿಸುತ್ತಾನೆ, ಮುಂದಿನ ಲೇಖನಕ್ಕೆ ವಿಷಯವನ್ನೂ ಕೊಡುತ್ತಾನೆ. ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹಂಚುವಾಗಲೂ ಇದೇ ವಿವೇಕ ಬೇಕು. ವಿಷಯಕ್ಕೆ ಸಂಬಂಧಪಟ್ಟ ಒಂದು ಗುಂಪಿಗೆ ಎರಡು ಸಾಲಿನ ಪೀಠಿಕೆಯೊಂದಿಗೆ ಕಳುಹಿಸಿದ್ದು ಓದಿಸಿಕೊಳ್ಳುತ್ತದೆ. ಇಪ್ಪತ್ತು ಗುಂಪುಗಳಿಗೆ ಬೆಳಗಿನ ಶುಭಾಶಯದ ಜೊತೆ ಸುರಿದದ್ದನ್ನು ಯಾರೂ ತೆರೆಯುವುದಿಲ್ಲ. ಪರಸ್ಪರ ಹೊಗಳಿಕೆಯ ಒಪ್ಪಂದಗಳು, ಓದದೆ ಬರೆದ ವಿಮರ್ಶೆಗಳು ಕನ್ನಡದ ಓದುಗರ ನಂಬಿಕೆಯನ್ನು ಬಹಳ ಕೆಡಿಸಿವೆ. ಅವನ್ನು ಯಾವ ಲೇಖಕರೂ ಮಾಡಬಾರದು.

ಪುಸ್ತಕದ ವಿಷಯದಲ್ಲಿ ಹಳೆಯ ಪ್ರಕಾಶಕರ ಕೆಲವು ಉಪಾಯಗಳು ಈಗಲೂ ಕೆಲಸಕ್ಕೆ ಬರುತ್ತವೆ. ಕಾದಂಬರಿಯ ಕೊನೆಯ ಪುಟಗಳಲ್ಲಿ ಅದೇ ಲೇಖಕಿಯ ಇತರ ಕೃತಿಗಳ ಪಟ್ಟಿ, ಬೆಲೆ ಸಹಿತ, ಇರುತ್ತಿತ್ತು. ಕಥೆ ಮುಗಿಸಿದ ಗಳಿಗೆಯಲ್ಲೇ ಮುಂದಿನ ಪುಸ್ತಕದ ಹೆಸರು ಕಣ್ಣಿಗೆ ಬೀಳುತ್ತಿತ್ತು, ಪುಸ್ತಕ ಕೈಸೇರಿದಾಗ ಹಣ ಕೊಡುವ ವಿ.ಪಿ.ಪಿ. ಅಂಚೆಯಲ್ಲಿ ಕಳುಹಿಸಿ ಎಂದು ಓದುಗರು ಕಾರ್ಡು ಬರೆಯುತ್ತಿದ್ದರು. ಬೆನ್ನುಡಿಯಲ್ಲಿ ನಾಯಕಿಯ ಇಕ್ಕಟ್ಟು ಮಾತ್ರ ನಾಲ್ಕು ಸಾಲಿನಲ್ಲಿ ಇರಬೇಕು. ಲೇಖಕರ ಬಿರುದುಗಳಿಂದ ತುಂಬಿದ ಬೆನ್ನುಡಿ ಪುಸ್ತಕವನ್ನು ಕೆಳಗಿಡಿಸುತ್ತದೆ. ಪತ್ರಿಕೆಗಳ ‘ಸಾದರ ಸ್ವೀಕಾರ’ಕ್ಕೆ, ಹತ್ತಿರದ ಸಾರ್ವಜನಿಕ ಗ್ರಂಥಾಲಯಕ್ಕೆ, ಕಾಲೇಜಿನ ಕನ್ನಡ ವಿಭಾಗಕ್ಕೆ ಪ್ರತಿ ತಲುಪಿಸಬೇಕು. ಸಾಹಿತ್ಯ ಸಮ್ಮೇಳನದ ಪುಸ್ತಕ ಮಳಿಗೆಯಲ್ಲಿ ಲೇಖಕರು ಸ್ವತಃ ನಿಂತರೆ ಓದುಗರು ಏನು ಕೇಳುತ್ತಾರೆ, ಯಾವ ಪುಟ ತೆರೆದು ನೋಡುತ್ತಾರೆ ಎಂದು ತಿಳಿಯುತ್ತದೆ. ಸ್ವಂತವಾಗಿ ಪ್ರಕಟಿಸುವವರಿಗೆ ಐಎಸ್‌ಬಿಎನ್ ಸಂಖ್ಯೆ ಭಾರತದಲ್ಲಿ ಉಚಿತವಾಗಿ ಸಿಗುತ್ತದೆ. 1993ರಲ್ಲಿ ಸ್ಥಾಪನೆಯಾದ ಕನ್ನಡ ಪುಸ್ತಕ ಪ್ರಾಧಿಕಾರಕ್ಕೆ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುವ ಯೋಜನೆಯೂ ಇದೆ. ಅದಕ್ಕೆ ಅರ್ಜಿ ಹಾಕಲು ಸಂಕೋಚ ಪಡಬೇಕಾಗಿಲ್ಲ.

ವಾರಪತ್ರಿಕೆಗಳ ಪುಟ ಕಡಿಮೆಯಾದಂತೆ ಧಾರಾವಾಹಿ ಫೋನಿಗೆ ದಾಟಿದೆ. 2014ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ‘ಪ್ರತಿಲಿಪಿ’ಯಲ್ಲಿ ಕನ್ನಡದ ಪ್ರೇಮಕಥೆಗಳು ಕಂತುಗಳಲ್ಲಿ ಬರುತ್ತಿವೆ; ಬರೆಯುವವರಲ್ಲಿ ಗೃಹಿಣಿಯರೂ ನೌಕರಿಯಲ್ಲಿರುವ ಹೆಂಗಸರೂ ಬಹಳ ಮಂದಿ. ಜಗಲಿಯ ಓದು ಹೊಸ ರೂಪದಲ್ಲಿ ಮರಳಿದೆ ಎಂಬುದು ಸಂತೋಷದ ವಿಷಯ. ಅಪಾಯವೂ ಅಲ್ಲೇ ಇದೆ. ಪುಟದ ಮಿತಿ ಇಲ್ಲದ ಕಡೆ ಕಥೆ ಹಿಗ್ಗುತ್ತದೆ, ಓದುಗರ ಮೆಚ್ಚುಗೆ ಬರುವಷ್ಟು ಕಾಲ ಅಡ್ಡಿಗಳ ಮೇಲೆ ಅಡ್ಡಿ ಏರುತ್ತದೆ. ಕೊನೆಯನ್ನು ಮೊದಲೇ ಬರೆದಿಟ್ಟುಕೊಂಡವರಿಗೆ ಮಾತ್ರ ಇಲ್ಲಿ ರಕ್ಷಣೆ. ಬರೆದ ಪ್ರತಿ ಕಂತಿನ ನಕಲು ತಮ್ಮ ಬಳಿಯೇ ಇರಬೇಕು, ಆ್ಯಪಿನ ಮೇಲೆ ಭಾರ ಹಾಕಿ ಕೂರಬಾರದು.

ಹಕ್ಕಿನ ವಿಷಯದಲ್ಲಿ ಕನ್ನಡದ ಲೇಖಕಿಯರು ಕಳೆದುಕೊಂಡದ್ದು ಬಹಳ. ಬಾಯಿಮಾತಿನ ಮೇಲೆ ಹಸ್ತಪ್ರತಿ ಕೊಟ್ಟು, ಎಷ್ಟು ಮುದ್ರಣವಾಯಿತೆಂದೇ ತಿಳಿಯದೆ ಹೋದವರಿದ್ದಾರೆ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಆಗಬೇಕು. ಅವಧಿ ನಮೂದಿಸದಿದ್ದರೆ ಅದು ಐದು ವರ್ಷಕ್ಕೆ ಎಂದು, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರ ಎಂದು ಕಾನೂನು ಭಾವಿಸುತ್ತದೆ. ಒಪ್ಪಂದದಲ್ಲಿ ಬೇರೆ ಮಾತಿಲ್ಲದಿದ್ದರೆ, ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದೆ ಬಿಟ್ಟಾಗ ಆ ಹಕ್ಕು ಅವರಿಂದ ಹೋಗುತ್ತದೆ. ಪುಸ್ತಕ, ಧಾರಾವಾಹಿ, ಚಲನಚಿತ್ರ, ಆಡಿಯೊ, ಅನುವಾದ ಇವು ಬೇರೆಬೇರೆ ಹಕ್ಕುಗಳು. ಒಂದನ್ನು ಕೊಟ್ಟ ಮಾತ್ರಕ್ಕೆ ಎಲ್ಲವನ್ನೂ ಕೊಟ್ಟಂತಲ್ಲ. ಲೇಖಕರು ತೀರಿಕೊಂಡ ಮೇಲೂ 60 ವರ್ಷ ಈ ಹಕ್ಕು ಅವರ ವಾರಸುದಾರರಿಗೆ ಇರುತ್ತದೆ. ಮೊದಲ ಕಾದಂಬರಿ ಬರೆಯುತ್ತಿರುವವರು ಹಸ್ತಪ್ರತಿಯನ್ನು ಯಾರ ಕೈಗಾದರೂ ಕೊಡುವ ಮುನ್ನ ಯಾವ ಹಕ್ಕು, ಎಷ್ಟು ಕಾಲ, ಎಷ್ಟು ಗೌರವಧನ ಎಂದು ಒಂದು ಹಾಳೆಯಲ್ಲಿ ಬರೆಸಿ, ಎರಡೂ ಕಡೆಯ ಸಹಿ ಹಾಕಿಸಿ, ಒಂದು ಪ್ರತಿಯನ್ನು ತಮ್ಮಲ್ಲಿ ಇಟ್ಟುಕೊಳ್ಳಲಿ.